ಬೆವರುವ ಪಾನಾಗಳು

ಹಿಲ್ಲೂರಿನಿಂದ ಮರಳುವ ದಾರಿಯಲ್ಲಿ ಕಾರು ನಿಂತಾಗ ನನ್ನ ಬಳಿ ಇದ್ದ ಒಂದೇ ಉಪಕರಣ ಬಾಲ್‌ಪೆನ್ನು. ಬಾನೆಟ್ ಎತ್ತಿದರೆ ದೋಷ ನನಗೂ ಕಾಣುತ್ತಿತ್ತು: ಬ್ಯಾಟರಿಯ ತಲೆಯನ್ನು ಕಚ್ಚಿ ಹಿಡಿಯುವ ಹಿಡಿಕೆ ಸಡಿಲವಾಗಿತ್ತು. ಬಿಗಿ ಮಾಡಲು ಹತ್ತನೇ ನಂಬರಿನ ಒಂದು ಪಾನಾ ಸಾಕು, ಅರ್ಧ ನಿಮಿಷದ ಕೆಲಸ. ಪಾನಾ ಇರಲಿಲ್ಲ. ಎರಡೂ ಬದಿಗೆ ಕಾಡು. ಮೂರು ತಾಸು ಕಳೆದ ಮೇಲೆ ಬಂದ ಒಂದು ಟೆಂಪೋದ ಚಾಲಕ ತನ್ನ ಪಾನಾದಿಂದ ಹಿಡಿಕೆ ಬಿಗಿದು, ನನ್ನ ಮುಖವನ್ನೂ ಕಾರಿನ ಮೇಲಿದ್ದ ಪತ್ರಿಕೆಯ ಹೆಸರನ್ನೂ ಒಮ್ಮೆ ನೋಡಿ ಹೋದ. ನಾನು ಅಂಕೋಲೆಗೆ ಬಂದು ಸುದ್ದಿ ಕಳಿಸುವಷ್ಟರಲ್ಲಿ ಪುಟ ಮುಗಿದಿತ್ತು.

ಅದು ಎರಡು ಸಾವಿರದ ದಶಕದ ನಡುಭಾಗ. ನಾನು ಕಾರವಾರದಲ್ಲಿ ವರದಿಗಾರ. ಅಂಕೋಲೆಯೂ ನನ್ನ ಪಾಲಿಗೇ ಇತ್ತು. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಬಾಲಕ್ಕೆ ಬಾಲ ಹಿಡಿದು ಹೋಗುತ್ತಿದ್ದ ಕಾಲ. ಬೈಕಿನಲ್ಲಿ ಓಡಾಡಿದರೆ ಸಂಜೆಗೆ ಮೈಯೆಲ್ಲ ಕೆಂಪಾಗುತ್ತಿತ್ತು. ಹಾಗಾಗಿ ಹಳೆಯ ಸಣ್ಣ ಕಾರೊಂದನ್ನು ಕೊಂಡಿದ್ದೆ.

ಅಂಕೋಲೆಯ ಹೆದ್ದಾರಿ ಬದಿಯಲ್ಲಿ ಅರುವತ್ತು ದಾಟಿದ ಒಬ್ಬ ಗ್ಯಾರೇಜಿನವರಿದ್ದರು. ಪ್ರಾಯದಲ್ಲಿ ಬೇಲೆಕೇರಿಯ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಕಾರಿನಲ್ಲಿ ಇಟ್ಟುಕೊಳ್ಳಲು ಒಂದು ಪೆಟ್ಟಿಗೆ ಸಾಮಾನು ಬೇಕು ಎಂದು ಕೇಳಿದೆ.

"ಪೆಟ್ಗೆ ಯಾಕೆ? ಡಿಕ್ಕಿಲಿ ಗ್ಯಾರೇಜ್ ಹೊತ್ಕಂಡ್ ಹೋಗ್ತ್ಯಾ?" ಎಂದರು. "ನಿನ್ ಕಾರಿಗೆ ಯಾವ್ ನಟ್ಟು ಅದೆ, ಅಷ್ಟಕ್ಕೇ ಪಾನಾ. ಕೆಳ್ಗೆ ಮಲ್ಗು. ಒಂದೊಂದೇ ನೋಡ್ ಬರಿ."

ನಾನು ಗೋಣಿಚೀಲ ಹಾಸಿ ಕಾರಿನಡಿ ಮಲಗಿ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ಪಟ್ಟಿ ಎರಡು ಪುಟ ಆಯಿತು. ಅವರು ಓದಿ ನಕ್ಕರು.

"ಈಗ ರಸ್ತೆ ಮೇಲೆ ನಿನ್ ಕೈಲಿ ಆಗ್ದೇ ಇದ್ದದ್ದೆಲ್ಲ ಹೊಡ್ದಾಕು."

ಸುದ್ದಿಮನೆಯಲ್ಲಿ ನನ್ನ ವರದಿಗಳಿಗೆ ಆಗುತ್ತಿದ್ದುದೂ ಇದೇ. ಹೊಡೆದು ಹಾಕಿದ ಮೇಲೆ ಉಳಿದದ್ದು ಒಂದು ತೋಳಿನ ಉದ್ದದ ಬಟ್ಟೆಯಲ್ಲಿ ಸುತ್ತಬಹುದಾದಷ್ಟು: ಮೂರು ಜೋಡಿ-ಬಾಯಿಯ ಪಾನಾ, ಚಕ್ರದ ಪಾನಾ, ಪ್ಲಗ್ಗಿನ ಪಾನಾ, ಒಂದು ಪಕ್ಕಡ, ತಿರುಗಿಸಿ ಹಾಕುವ ಎರಡು ತಲೆಯ ಸ್ಕ್ರೂಡ್ರೈವರು, ವೈರು ಕಟ್ಟಿದ ಸಣ್ಣ ಬಲ್ಬು, ನಾಲ್ಕು ಫ್ಯೂಸು, ಸೈಕಲ್ ಟ್ಯೂಬಿನ ಪಟ್ಟಿ, ಬೈಂಡಿಂಗ್ ತಂತಿ, ಒಂದು ತುಂಡು ಬಟ್ಟೆ ಸೋಪು. ಸೋಪು ಯಾಕೆ ಎಂದು ಕೇಳಿದೆ. "ಪೆಟ್ರೋಲ್ ಟ್ಯಾಂಕ್ ತೂತ್ ಬಿದ್ರೆ ಮೆತ್ತೂಕೆ. ಮಿಂದ್ಕಂಬೂಕಲ್ಲ." ತಾಡಪಾಲು ಹೊಲಿಯುವ ದರ್ಜಿಯಿಂದ ಜೇಬುಗಳಿರುವ ಒಂದು ಸುರುಳಿ ಹೊಲಿಸಿದೆ.

"ಹೊಸ ಪಾನಾ ತಕಂಬೇಡ. ಈಗಿನವು ನಾಕ್ ಸಲ ತಿರ್ಪಿದ್ರೆ ಬಾಯ್ ಅಗ್ಲಾಗ್ತವೆ. ಕಾರವಾರದ ಗುಜರಿಲಿ ನೋಡು. ಬೋಟಿನವ್ರ ಪಾನಾ ಬತ್ತದೆ. ಅದ್ ಬಾಯ್ ಬಿಡೂದಿಲ್ಲ."

ಬಂದರಿನ ಕಡೆಗಿಳಿಯುವ ರಸ್ತೆಯ ಗುಜರಿಯಲ್ಲಿ ಹಳೆ ಕಬ್ಬಿಣದ ಗುಡ್ಡೆಯೇ ಇತ್ತು. ಮಾರ್ಚಿನಲ್ಲಿ ಹತ್ತು-ಹನ್ನೊಂದರ ಒಂದು ರಿಂಗ್ ಪಾನಾ ಸಿಕ್ಕಿತು. ಭಾರವಾದ ಒಳ್ಳೆಯ ಉಕ್ಕು. ಮೈ ತುಂಬ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳು. ಹಿಡಿಯ ಮೇಲೆ ಅರದಿಂದ ಕೊರೆದ ಮೂರು ಗೆರೆ, ಅವುಗಳನ್ನು ದಾಟಿ ಓರೆಯಾಗಿ ಇನ್ನೊಂದು.

ಏಪ್ರಿಲಿನಲ್ಲಿ ಹನ್ನೆರಡು-ಹದಿಮೂರು ಹುಡುಕಲು ಹೋದೆ. ನೂರಾರು ಪಾನಾಗಳಿದ್ದವು. ಅಂಗಡಿಯವ ಆರಿಸಿ ಕೊಟ್ಟ ಒಂದು ಸರಿಹೊಂದಿತು. ಮನೆಗೆ ಬಂದು ಒರೆಸುವಾಗ ಕಂಡಿತು: ಅದೇ ಮೂರು ಗೆರೆ, ಅದೇ ಓರೆ ಗೆರೆ. ಮೇ ತಿಂಗಳ ಕೊನೆಗೆ ಹದಿನಾಲ್ಕು-ಹದಿನೈದು ಬೇಕಾಗಿತ್ತು. ಈ ಸಲ ನಾನೇ ಗುಡ್ಡೆಗೆ ಕೈ ಹಾಕಿದೆ. ನಾಲ್ಕನೆಯದೋ ಐದನೆಯದೋ ಕೈಗೆ ಬಂದದ್ದನ್ನು ತಿರುಗಿಸಿ ನೋಡಿದರೆ ಗೆರೆಗಳಿದ್ದವು. ಒಬ್ಬನೇ ಮನುಷ್ಯನ ಸಾಮಾನು ನನಗೆ ಬೇಕಾದ ಕ್ರಮದಲ್ಲಿ, ನನಗೆ ಬೇಕಾದ ಹೊತ್ತಿಗೆ ಬರುತ್ತಿತ್ತು. ಕಾಕತಾಳೀಯ ಎಂದುಕೊಂಡು ಕೊಂಡೆ.

ಮಳೆ ಶುರುವಾದ ಮೇಲೆ ಸುರುಳಿ ಒದ್ದೆಯಾಗತೊಡಗಿತು. ಡಿಕ್ಕಿ ಸೋರುತ್ತಿರಬೇಕು ಎಂದು ನೋಡಿದೆ, ಡಿಕ್ಕಿ ಒಣಗಿತ್ತು. ಸುರುಳಿಯನ್ನು ಮನೆಯೊಳಗೆ ತಂದು ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಮೂರು ಜೇಬು ಮಾತ್ರ ಒದ್ದೆ. ಪಕ್ಕದಲ್ಲಿದ್ದ ಪಕ್ಕಡ, ಪ್ಲಗ್ಗಿನ ಪಾನಾ, ತಂತಿ ಎಲ್ಲ ಒಣಕಲು. ಗೆರೆಯಿದ್ದ ಆ ಮೂರನ್ನೇ ಒರೆಸಿ, ಎಣ್ಣೆ ಹಚ್ಚಿ, ಹಳೆ ಪತ್ರಿಕೆಯ ಮೇಲೆ ಮಲಗಿಸಿದೆ. ಮಾರನೆಯ ದಿನ ಪಾನಾಗಳ ಮೈಮೇಲೆ ಕಂದು ಹನಿಗಳು ನಿಂತಿದ್ದವು; ಕೆಳಗಿನ ಪುಟದಲ್ಲಿ ಮೂರು ಅಚ್ಚುಗಳು ಮೂಡಿದ್ದವು.

"ಇದರಲ್ಲಿ ಏನು ಮೀನು ಕಟ್ಟಿಕೊಂಡು ಬಂದಿದ್ದೀರಾ?" ಎಂದಳು ನನ್ನ ಹೆಂಡತಿ. ವಾಸನೆ ನನಗೂ ಬರುತ್ತಿತ್ತು. ಮೀನಿನದಲ್ಲ, ನೀರಿಳಿದ ಹೊತ್ತಿನ ಕೆಸರಿನದು. "ಒರೆಸಿದ ಮೇಲೂ ಬೆವರ್ತದೆ ಅಂದ್ರೆ ಅದು ಮನೇಲಿ ಬೇಡ. ನಿಮ್ಮ ಕಾರಲ್ಲೇ ಇಟ್ಕೊಳ್ಳಿ." ಸುರುಳಿ ಡಿಕ್ಕಿಗೆ ಮರಳಿತು.

ಚೌತಿ ಕಳೆದ ಕೆಲವು ದಿನಗಳ ಮೇಲೆ ಅವರ್ಸಾದ ಹತ್ತಿರ ಹೆದ್ದಾರಿ ಬದಿಗೆ ಕಾರು ನಿಲ್ಲಿಸಿ ಅದೇ ಬ್ಯಾಟರಿ ಹಿಡಿಕೆಯನ್ನು ಬಿಗಿಯುತ್ತಿದ್ದೆ. ನಡುಮಧ್ಯಾಹ್ನ. ಮೀನು ಮಾರಿ ಟೆಂಪೋಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿಗಳ ಪಕ್ಕ ಕೂತಿದ್ದರು. ನಾನು ಸುರುಳಿಯನ್ನು ನೆಲದ ಮೇಲೆ ಹರಡಿದ್ದೆ. ಅವರಲ್ಲಿ ಸಣ್ಣವಳು, ಮೂವತ್ತರ ಆಸುಪಾಸಿನವಳು, ಎದ್ದು ಬಂದು, ಕೇಳದೆ, ಬಗ್ಗಿ ಒಂದು ಪಾನಾವನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಗೆರೆಗಳನ್ನು ಸವರಿದಳು.

"ಇದ್ ನಮ್ಮನೆಯವ್ರ ಪಾನಾ."

ಹೇಗೆ ಹೇಳುತ್ತೀರಿ ಎಂದೆ.

"ಅರ ಹಿಡ್ದದ್ ಅವ್ರು. ಪಾನಾ ಒತ್ ಹಿಡ್ಕಂಡದ್ ನಾನು. ಮೂರ್ ಗೆರೆ ಇನ್ನೊಬ್ಬ ಡ್ರೈವರಂದ್ ಅದೆ ಅಂತ ಮೇಲ್ ಒಂದ್ ಓರೆ ಹಾಕ್ದದ್ದು." ನಂತರ, "ಎಲ್ ಸಿಕ್ತು ಅಣ್ಣ?"

"ಕದ್ದ ಮಾಲ್ ತಕಂಡ್ರ್ಯಾ ಪೇಪರ್‌ನವ್ರೇ?" ಎಂದು ಹಿರಿಯವಳು ನಗುತ್ತಾ ಕೇಳಿದಳು. ಸಣ್ಣವಳ ಮುಖ ನೋಡಿ ನಗು ನಿಲ್ಲಿಸಿದಳು.

ಆಗ ನನಗೆ ಅವಳ ಗುರುತು ಹತ್ತಿತು. ಹಿಂದಿನ ನವೆಂಬರಿನಲ್ಲಿ ಬೇಲೆಕೇರಿ ಕಡೆಯ ಒಂದು ಬೋಟು ಗಾಳಿಗೆ ಸಿಕ್ಕಿ ಮುಳುಗಿತ್ತು. ನಾಲ್ವರಲ್ಲಿ ಮೂವರು ತೇಲುಗುಂಡುಗಳನ್ನು ಹಿಡಿದು ಬದುಕಿ ಬಂದರು. ನಾಲ್ಕನೆಯವನು ಇಂಜಿನ್ ಡ್ರೈವರ್. ಅವನೂ ಡೀಸೆಲ್ ಕ್ಯಾನು ಹಿಡಿದು ನೀರಿಗೆ ಹಾರಿದ್ದನ್ನು ನೋಡಿದ್ದಾಗಿ ಉಳಿದವರು ಹೇಳಿದರು. ಆಮೇಲೆ ಯಾರೂ ನೋಡಲಿಲ್ಲ. ನಾನು ಆ ಮನೆಗೆ ಹೋಗಿದ್ದೆ. ಇವಳು ಬಾಗಿಲ ಹಿಂದೆ ನಿಂತಿದ್ದಳು. ಶವ ಸಿಗುವವರೆಗೆ ಸತ್ತ ಎಂದು ಬರೆಯಬಾರದು ಎಂಬುದು ನಮ್ಮ ಸುದ್ದಿಮನೆಯ ನಿಯಮ. ನಾಲ್ಕು ಸಾಲು ಬರೆದಿದ್ದೆ. ಕೊನೆಯ ಶಬ್ದ 'ಕಾಣೆಯಾಗಿದ್ದಾರೆ.'

ಗುಜರಿಯಲ್ಲಿ ಕೊಂಡೆ ಎಂದೆ.

"ಗುಜರಿಗೆ ಬಂತು ಅಂದ್ರೆ ಯಾರೋ ಮಾರ್ಬೇಕಲಾ."

ಅವಳು ಹಾಗೆ ಯೋಚಿಸಿದ್ದಕ್ಕೆ ಕಾರಣವಿತ್ತು. ಈ ಕರಾವಳಿಯಲ್ಲಿ ಇಂಜಿನ್ ಡ್ರೈವರನ ಪಾನಾಗಳು ಬೋಟಿನ ಸೊತ್ತಲ್ಲ, ಅವನವು. ಬೋಟು ಬದಲಿಸಿದರೆ ಗಂಟು ಕಟ್ಟಿ ಒಯ್ಯುತ್ತಾನೆ. ಬೇರೆಯವರ ಕೈಗೆ ಕೊಡುವುದಿಲ್ಲ. ಬೆರೆತು ಹೋಗದಿರಲಿ ಎಂದು ಗೆರೆ ಕೊರೆಯುತ್ತಾನೆ. ಪಾನಾ ಮಾರಿದ ಎಂದರೆ ಸಮುದ್ರ ಬಿಟ್ಟ ಎಂದು ಅರ್ಥ. ಸಮುದ್ರ ಬಿಟ್ಟವನು ಎಲ್ಲೋ ನೆಲದ ಮೇಲೆ ಇರಬೇಕು.

"ಭಾವ ಮಹಾಲಯ ಅಮಾಸೆಗೆ ದಿನ ಇಟ್ಟಿದ್ರು," ಎಂದಳು. ಗಂಡನ ಅಣ್ಣನ ಮಾತು. "ದರ್ಭೆ ಗೊಂಬೆ ಮಾಡಿ ಸುಡೂದಂತೆ. ಆತ್ಮ ಅಲ್ದಾಡ್ತದೆ ಅಂತ್ರು. ನಾನ್ ಒಪ್ಬೇಕಂತೆ. ಅವ್ರು ಎಲ್ಲೋ ಗೋವಾದಲ್ಲಿ ಕೂತ್ಕಂಡ್ ಗಂಜಿ ಉಣ್ತಾ ಇದ್ರೆ? ಬದ್ಕಿದ್ದೋರ್ನ ನಾನೇ ಸುಟ್ಟಂಗ್ ಆಗೂದಿಲ್ವಾ ಅಣ್ಣ?"

ಮಾರಿದವರು ಯಾರೆಂದು ವಿಚಾರಿಸುತ್ತೇನೆ ಎಂದೆ. ಅವಳು ಪಾನಾವನ್ನು ಎಲ್ಲಿಂದ ಎತ್ತಿದ್ದಳೋ ಅದೇ ಜೇಬಿಗೆ ಹಾಕಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸೆರಗು ಕಂದಾಯಿತು.

ಗುಜರಿಯವನಿಗೆ ಮೂರನ್ನೂ ತೋರಿಸಿ ಇವನ್ನು ಮಾರಿದ್ದು ಯಾರು ಎಂದೆ.

"ಒಬ್ಬ ಬೋಟಿನವ. ಹೆಸ್ರು ಯಾರ್ ಕೇಳ್ತಾರೆ? ಗಡ್ಡ ಅದೆ. ನಲ್ವತ್ ಇರ್ಬೋದು. ಮೂರೂ ಅವ್ನೇ ತಂದದ್ದು, ಬೇರೆ ಬೇರೆ ದಿನ. ಮಾತ್ ಕಡ್ಮಿ."

ಅವಳ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಒಂದು ಶಬ್ದ ಸೇರಿಸಲಿಲ್ಲ, ಬಿಡಲಿಲ್ಲ.

"ಗಡ್ಡಾನಾ? ಮಳೆಗಾಲ್ದಲ್ಲಿ ಅವ್ರು ಗಡ್ಡ ಬಿಡ್ತಿದ್ರು."

ಪಾನಾಗಳು ಗುಜರಿಗೆ ಬಂದದ್ದು ಬೇಸಿಗೆಯಲ್ಲಿ, ಮಳೆಗಾಲದಲ್ಲಲ್ಲ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಭಾವ ಭಟ್ಟರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಅವಳು ಮಾಜಾಳಿಯಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವರ ಬಸ್ಸು ಹತ್ತಿ, ಅಲ್ಲಿ ಬೋಟುಗಳು ನಿಲ್ಲುವ ದಕ್ಕೆಗಳಲ್ಲಿ ಗಂಡನ ಫೋಟೋ ತೋರಿಸುತ್ತಾ ತಿರುಗಿದಳು. ಒಂದು ಕಡೆ ಯಾರೋ ಹೌದು, ಇಂಥವನನ್ನು ಕಂಡಿದ್ದೇನೆ ಎಂದರಂತೆ. ಮೂರು ದಿನ ಅಲ್ಲೇ ಕಾದಳು. ಭಾವ ಬೆಳಿಗ್ಗೆ ಬೆಳಿಗ್ಗೆ ನನಗೆ ಫೋನು ಮಾಡುತ್ತಿದ್ದರು. "ಏನಾರೂ ಸುದ್ದಿ?" ಅಷ್ಟೇ ಕೇಳಿ ಇಡುತ್ತಿದ್ದರು.

ಅಮಾವಾಸ್ಯೆಗೆ ಆರು ದಿನ ಇತ್ತು. ಕಾರಿನ ಆಯಿಲ್ ಬದಲಿಸಲು ಅಂಕೋಲೆಗೆ ಹೋದೆ. ಗ್ಯಾರೇಜಿನವರು ಸುರುಳಿಯನ್ನು ಪರೀಕ್ಷೆ ಮಾಡಲು ತಾವೇ ಬಿಚ್ಚಿದರು. ಮೂರು ಪಾನಾಗಳನ್ನು ಬೇರೆ ಇಟ್ಟರು. ಒಂದರ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಉಗುಳಿದರು.

"ಇದೆಲ್ ಸಿಕ್ತು ಮಾರಾಯಾ? ಸಮುದ್ರದ ಅಡೀಗೆ ಬಿದ್ದದ್ದು ಇದು."

ಹೇಗೆ ಗೊತ್ತು ಎಂದೆ.

"ಮಳೆ ನೀರಿನ ತುಕ್ಕು ಹಪ್ಳದಂಗೆ ಏಳ್ತದೆ. ಉಪ್ ನೀರಿಂದು ಒಳ್ಗೆ ಕೊರ್ಕಂಡ್ ಹೋಗ್ತದೆ. ಈ ಕುಳಿ ನೋಡು. ಒಳ್ಗೆ ಉಪ್ಪು ಕೂತದೆ. ಗಾಳಿಲಿ ತಂಪ್ ಬಂದ್ ಕೂಡ್ಲೆ ನೀರ್ ಎಳ್ಕಂತದೆ. ನೀ ಎಷ್ಟ್ ಒರ್ಸಿದ್ರೂ ಬೆವರ್ತದೆ." ರಿಂಗಿನ ಒಳಮೂಲೆಗೆ ಸೂಜಿ ಹಾಕಿ ಕೆರೆದರು. ಉಗುರಿನ ತುದಿಯಷ್ಟು ಬಿಳಿ ಬಳೆ ಎದ್ದಿತು. ಬೋಟುಗಳ ಅಡಿಗೆ ಹತ್ತುವ ಚಿಪ್ಪಿನ ಬುಡ. "ದಡ್ದಲ್ಲಿದ್ದ ಕಬ್ಬಿಣಕ್ಕೆ ಇದ್ ಹತ್ತೂದಿಲ್ಲ. ತಿಂಗ್ಳುಗಟ್ಲೆ ಅಡೀಗೆ ಇದ್ದದ್ದು."

ಬೆವರಿಗೆ ಕಾರಣ ತಿಳಿದ ಮೇಲೆ ಹೆದರಿಕೆ ಕಡಿಮೆಯಾಗಬೇಕಾಗಿತ್ತು. ನಾನು ಆ ಮೂರನ್ನು ಕೈಯಿಂದ ಮುಟ್ಟದೆ, ಬಟ್ಟೆಯಿಂದ ಎತ್ತಿ ಒಳಗಿಟ್ಟೆ.

ಗುಜರಿಗೆ ಅದೇ ಮಧ್ಯಾಹ್ನ ಹೋದೆ. ಇವು ಬಂದದ್ದು ಎಲ್ಲಿಂದ ಎಂದು ಕೇಳಿದೆ.

"ಬಲೆಗೆ ಬಂದದ್ದು. ಚಿಪ್ಪು ಗಿಪ್ಪು ಹತ್ತಿತ್ತು. ನಾನೇ ತಂತಿ ಬ್ರಶ್ ಹಾಕಿ, ಸೀಮೆಎಣ್ಣೆಲಿ ಮುಳ್ಗ್ಸಿ ಇಟ್ಟದ್ದು."

"ಆವತ್ತು ಯಾಕೆ ಹೇಳಲಿಲ್ಲ?"

"ಆವತ್ ನೀವು ಮನಿಷಾನ್ನ ಕೇಳಿದ್ರಿ. ಕಬ್ಬಿಣಾನ್ನ ಕೇಳ್ಲಿಲ್ಲ."

ಅವನು ಹೇಳಿದ್ದು ಸರಿ. ಯಾರು ಎಂದು ಕೇಳಿದ್ದೆ, ಎಲ್ಲಿಂದ ಎಂದು ಕೇಳಿರಲಿಲ್ಲ. ಎರಡು ವಾರ ಒಬ್ಬ ಹೆಂಗಸು ಗೋವಾದ ದಕ್ಕೆಗಳಲ್ಲಿ ಅಲೆದದ್ದು ನನ್ನ ಆ ಅರ್ಧ ಪ್ರಶ್ನೆಯಿಂದ.

ಟ್ರಾಲ್ ಬಲೆ ಸಮುದ್ರದ ತಳವನ್ನು ಗುಡಿಸಿಕೊಂಡು ಬರುತ್ತದೆ. ಕೆಲವೊಮ್ಮೆ ಕಬ್ಬಿಣವೂ ಬರುತ್ತದೆ. ಅದಕ್ಕೆ ಬೋಟಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು ಎಂದು ಗುಜರಿಯವನಿಂದಲೇ ತಿಳಿಯಿತು. ಬಲೆಗೆ ಬಂದ ಕಬ್ಬಿಣವನ್ನು ಮೀನಿನ ಜೊತೆ ಇಡುವುದಿಲ್ಲ, ಮನೆಗೆ ಒಯ್ಯುವುದಿಲ್ಲ, ಯಾರದ್ದೆಂದು ಕೇಳುವುದಿಲ್ಲ, ಬಂದ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಿಂಬದಿಯಲ್ಲಿ ಚೀಲಕ್ಕೆ ಕಟ್ಟಿ, ದಡಕ್ಕೆ ಬಂದ ಕೂಡಲೇ ಗುಜರಿಗೆ ಹಾಕಿ, ಬಂದ ಹಣಕ್ಕೆ ತೆಂಗಿನಕಾಯಿ ಕೊಂಡು ನೀರಿಗೆ ಬಿಡುತ್ತಾರೆ. ಮನೆಯಲ್ಲಿ ಈ ಮಾತೇ ಬರುವುದಿಲ್ಲವಾದ್ದರಿಂದ ಹೆಂಗಸರಿಗೆ ಇದು ಗೊತ್ತಿರುವುದಿಲ್ಲ. ಹತ್ತು ವರ್ಷ ಬಂದರಿನ ಸುದ್ದಿ ಬರೆದ ನನಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೈತಖೋಲದ ದಕ್ಕೆಯಲ್ಲಿ ಗಡ್ಡದವನು ಸಿಕ್ಕಿದ. ಒಂದು ಟ್ರಾಲರಿನ ತಾಂಡೇಲ, ಬೋಟು ನಡೆಸುವವನು. ಅವಳ ಗಂಡನ ಫೋಟೋಕ್ಕೂ ಅವನಿಗೂ ಗಡ್ಡದ ಹೊರತು ಯಾವ ಹೋಲಿಕೆಯೂ ಇರಲಿಲ್ಲ. ಬಲೆ ಹೊಲಿಯುತ್ತಿದ್ದ ಅವನ ಖಲಾಸಿಗಳು ಗೇಲಿ ಶುರು ಮಾಡಿದರು. "ತಾಂಡೇಲಂದು ಫೋಟೋ ಹಾಕ್ತ್ರ್ಯಾ ಪೇಪರ್‌ನಲ್ಲಿ? ಹೆಣ್ ನೋಡೂದದೆ, ಗಡ್ಡ ತೆಗ್ಸ್ಕಂಡ್ ಬರ್ಲಿ." ನಾನು ಸುರುಳಿ ಬಿಚ್ಚಿದೆ. ಗೇಲಿ ನಿಂತಿತು. ಒಬ್ಬ ಎದ್ದು ಆಚೆ ಹೋದ.

ತಾಂಡೇಲ ಪಾನಾಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಪಾನಾದ ಯಜಮಾನನ ಹೆಂಡತಿ ಗೋವಾದಲ್ಲಿ ಹುಡುಕುತ್ತಿದ್ದಾಳೆ ಎಂದು ಮಾತ್ರ ತಿಳಿಸಿದೆ.

"ಮೂರ್ ಸಲ," ಎಂದ. "ಒಂದೇ ಜಾಗ. ಪಾನಾದ ಗಂಟು ಬಲೆಗೆ ಸಿಕ್ರೆ ಒಟ್ಟಿಗೇ ಬರ್ಬೇಕಲಾ? ಬರ್ಲಿಲ್ಲ. ಒಂದ್ ಸಲಕ್ಕೆ ಒಂದೇ. ಇಂಜಿನ್ ಕೋಣೆಯಿಂದ ಡ್ರೈವರ್ ಮೇಲ್ಗಡೆ ಪಾನಾ ಚಾಚ್ತಾನೆ ನೋಡಿ, ಹಂಗೆ. ಸಣ್ ನಂಬರಿಂದ ಶುರು ಮಾಡಿ."

"ಆಮೇಲೆ?"

"ಈ ವರ್ಷ ಮಳೆಗಾಲದ ಮೀನ್ಗಾರಿಕೆ ಬಂದ್ ತೆಗ್ದ ಮೇಲೆ ಮತ್ತೊಂದ್ ಬಂತು. ಅದ ಮಾರ್ಲಿಲ್ಲ. ಆ ಬದಿಗ್ ಹೋಗೂದ ಬಿಟ್ಟೇವು."

ಬೋಟಿನ ಹಿಂಬದಿಯ ಹಲಗೆಗೆ ಹೊಡೆದ ಮೊಳೆಯಿಂದ ಒಂದು ಗಿಡ್ಡ ಸ್ಕ್ರೂಡ್ರೈವರು ತೂಗುತ್ತಿತ್ತು. ಹಿಡಿಯಲ್ಲಿ ತೂತು. ತೂತಿನಿಂದ ಹಸಿರು ನೈಲಾನ್ ದಾರದ ದೊಡ್ಡ ಕುಣಿಕೆ. ಕುಣಿಕೆಯಲ್ಲಿ ಬಲೆಗಂಟು. ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ ಎಂಬುದು ಅದರ ಸುತ್ತಲಿನ ಮಾಸದ ಬಣ್ಣದಿಂದಲೇ ಗೊತ್ತಾಗುತ್ತಿತ್ತು.

ನಾನು ಫೋನು ಮಾಡಿದಾಗ ಅವಳು ಗೋವಾದಿಂದ ಬಂದಿದ್ದಳು. ನೋಡಬೇಕಾದ ವಸ್ತು ಒಂದಿದೆ, ಸಮುದ್ರದಿಂದ ಬಂದದ್ದು ಎಂದೆ. ಮರುದಿನ ಅವರ್ಸಾದಲ್ಲಿ ಜೊತೆಗಿದ್ದ ಹಿರಿಯ ಹೆಂಗಸನ್ನು ಕರೆದುಕೊಂಡು ನನ್ನ ಕಾರಿನಲ್ಲಿ ಕೂತಳು. ದಾರಿಯುದ್ದಕ್ಕೂ ಹಿರಿಯವಳೇ ಮಾತಾಡಿದಳು, ಮೀನಿನ ದರದ ಬಗ್ಗೆ.

ತಾಂಡೇಲ ಮೊಳೆಯಿಂದ ಇಳಿಸಲಿಲ್ಲ. "ನೀವೇ ತಕಳಿ ಅಕ್ಕ," ಎಂದ. ಅವಳು ಇಳಿಸಿಕೊಂಡು ದಕ್ಕೆಯ ಕಟ್ಟೆಯ ಮೇಲೆ ಕೂತಳು. ಕುಣಿಕೆಯನ್ನು ಎರಡೂ ಕೈಯಿಂದ ಅಗಲ ಮಾಡಿ ನೋಡಿದಳು. ಒಬ್ಬ ತೆಳ್ಳಗಿನ ಗಂಡಸಿನ ಸೊಂಟದಷ್ಟಿತ್ತು. ಗಂಟನ್ನು ಉಗುರಿನಿಂದ ಕೆದಕಿದಳು. ಬಿಚ್ಚಲು ಬರಲಿಲ್ಲ.

"ಇಂಜಿನ್ ಕೋಣೆಲಿ ಸೆಕೆ ಅಂತ ಬರೀ ಪಂಚೆ ತುಂಡು ಉಡೂದು. ಕಿಸೆ ಇಲ್ಲ. ಅದ್ಕೆ ಸೊಂಟಕ್ ಕಟ್ಕಂತಿದ್ರು," ಎಂದಳು, ಯಾರಿಗೂ ಅಲ್ಲ. "ಮೀವಾಗ್ಲೂ ಸೊಂಟದಿಂದ ಇಳೀತಿರ್ಲಿಲ್ಲ ಇದು. ಕೊಯ್ದೇ ತೆಗೀಬೇಕು." ದಾರವನ್ನು ಸುತ್ತ ತಿರುಗಿಸಿ ನೋಡಿದಳು. ಎಲ್ಲೂ ಕೊಯ್ದಿರಲಿಲ್ಲ.

ಹಿರಿಯವಳು ಅವಳ ಬೆನ್ನಿಗೆ ಕೈ ಇಟ್ಟಳು.

"ಎಷ್ಟ್ ಮಾರು ಆಳ?" ಎಂದು ಸಣ್ಣವಳು ತಾಂಡೇಲನನ್ನು ಕೇಳಿದಳು.

"ಹದ್ನಾಕು."

"ಎಲ್ಲಿ?"

ಅವನು ನನ್ನ ಕಡೆ, ನಂತರ ತನ್ನ ಜನರ ಕಡೆ ನೋಡಿದ. ಆ ಮಾತು ಅವರು ಹೇಳುವಂಥದ್ದಲ್ಲ. ಹೆಸರು ಹೇಳಲಿಲ್ಲ. ಒಂದು ಕೈಯಿಂದ ಗಾಳಿಯಲ್ಲಿ ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗು ತೋರಿಸಿದ, ಇನ್ನೊಂದರಿಂದ ಅದರ ಹಿಂದೆ ಬರುವ ಎರಡು ತಾಳೆಮರ. ಅವೆರಡೂ ಒಂದೇ ಗೆರೆಗೆ ಬರುವಲ್ಲಿ.

ಅವಳು ತಲೆಯಾಡಿಸಿದಳು. "ನಮ್ಮ ಅಂಗ್ಳದ ಎದ್ರಿಗೇ ಆತಲಾ."

ಮೂರು ಪಾನಾಗಳನ್ನು ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ, ಅವನ್ನು ಅದೇ ಜಾಗಕ್ಕೆ ಬಿಡಿ ಎಂದು ತಾಂಡೇಲನಿಗೆ ಹೇಳಿದಳು. ಅವನು ಕೈಗೆ ಇಸಿದುಕೊಳ್ಳದೆ ದಕ್ಕೆಯ ಮೇಲಿಡಿ ಎಂದ. ಇಟ್ಟೆ. ನಾವು ಕಾರು ಹತ್ತುವಾಗ ತಿರುಗಿ ನೋಡಿದೆ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಅವುಗಳ ಸುತ್ತ ಒದ್ದೆ ಹರಡಿತ್ತು.

ಕಾರಿನಲ್ಲಿ ಅವಳು ನನಗೆ ಒಂದೇ ಮಾತು ಹೇಳಿದಳು. "ಭಾವಂಗೆ ನಾ ಹೇಳೂದಿಲ್ಲ. ನೀವೇ ಹೇಳ್ಬೇಕು. ಇದ್ದಾರೆ ಅಂದೋರು ನೀವು."

ಇದ್ದಾರೆ ಎಂದು ನಾನು ಹೇಳಿರಲಿಲ್ಲ. ಆದರೂ ಹೇಳುತ್ತೇನೆ ಎಂದೆ.

ಅವಳ ಮನೆ ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಭಾವ ಜಗಲಿಯಲ್ಲಿ ಕೂತಿದ್ದರು. ಗಟ್ಟಿ ಆಳು, ತಲೆ ನರೆತಿತ್ತು. ಅಂಗಳದ ಆಚೆ ಸಮುದ್ರ ಬೆಳ್ಳಗೆ, ಅಲುಗದೆ ಇತ್ತು. ಗುಡ್ಡದ ಮೂಗು ಕಾಣುತ್ತಿತ್ತು. ಅದರ ಹಿಂದೆ ಎರಡು ತಾಳೆಮರ. ನಾನು ಆ ಕಡೆಗೆ ಬೆನ್ನು ಮಾಡಿ ಕೂತೆ. ಅವಳು ಸ್ಕ್ರೂಡ್ರೈವರನ್ನು ಹೊಸ್ತಿಲ ಹೊರಗೇ ಇಟ್ಟು ಒಳಗೆ ಹೋದಳು.

ಗುಜರಿ, ಬಲೆ, ತಾಂಡೇಲ, ದಾರ: ಎಲ್ಲವನ್ನೂ ಕ್ರಮವಾಗಿ ಹೇಳಿದೆ. ನಡುವೆ ಭಾವ ಎರಡು ಸಲ ಸಮುದ್ರದ ಕಡೆ ನೋಡಿದರು.

"ಖಾತ್ರಿಯಾ?" ಎಂದರು.

ಬರೆಯುವುದಾದರೆ ನಾನು ಆ ಶಬ್ದವನ್ನು ಬಳಸುತ್ತಿರಲಿಲ್ಲ. ದಾರವನ್ನು ಅವನು ಆ ದಿನ ಕಟ್ಟಿಕೊಳ್ಳದೆ ಇಂಜಿನ್ ಕೋಣೆಯಲ್ಲಿ ತೂಗುಹಾಕಿ ಹೋಗಿರಬಹುದು. ತೆಳ್ಳಗಿನ ಮೈಯಿಂದ ನೀರಿನಲ್ಲಿ ಜಾರಿರಬಹುದು. ಕ್ಯಾನು ಹಿಡಿದು ಹಾರಿದ್ದನ್ನು ಮೂವರು ನೋಡಿದ್ದರು. ಅವರ ಮಾತು ಈಗಲೂ ಹಾಗೇ ಇತ್ತು. ಶವ ಇರಲಿಲ್ಲ. ನನ್ನ ಬಳಿ ಇದ್ದದ್ದು ಕೊಯ್ಯದ ಒಂದು ಗಂಟು ಮಾತ್ರ. ಇಷ್ಟನ್ನೂ ಅವರ ಮುಂದಿಟ್ಟಿದ್ದರೆ ಅವಳು ನಾಳೆ ಮತ್ತೆ ಮಾಜಾಳಿಯ ಬಸ್ಸು ಹತ್ತಬೇಕಾಗುತ್ತಿತ್ತು, ಆಚೆ ನಾಡಿದ್ದೂ.

ಒಳಗಿಂದ ಅವಳು ಲೋಟದಲ್ಲಿ ನನಗೆ ನೀರು ತರುತ್ತಿದ್ದಳು. ಬಾಗಿಲಿಗೆ ಬಂದಿದ್ದಳು.

"ಖಾತ್ರಿ," ಎಂದೆ. "ತೀರಿಕೊಂಡಿದ್ದಾರೆ."

ಅವಳು ಹೊಸ್ತಿಲಲ್ಲಿ ನಿಂತಳು. ಆ ಕ್ಷಣದಿಂದ ಅದು ಸೂತಕದ ಮನೆ. ಹೊರಗಿನವರಿಗೆ ಅಲ್ಲಿಯ ನೀರು ಕೊಡುವಂತಿಲ್ಲ. ಅವಳು ನನ್ನನ್ನು ದಾಟಿ, ಅಂಗಳಕ್ಕಿಳಿದು, ಲೋಟದ ನೀರನ್ನು ಹೂಗಿಡದ ಬುಡಕ್ಕೆ ಸುರಿದಳು. ಖಾಲಿ ಲೋಟವನ್ನು ಅಲ್ಲೇ ಬೋರಲು ಹಾಕಿದಳು.

"ಬಾಯಾರಿಕೆ ಆದ್ರೆ ಆಚೆ ಮನೇಲಿ ಕೇಳಿ ಅಣ್ಣ," ಎಂದಳು.